ಹಿಡಿ ಕಳೆದುಕೊಂಡ ಹುಲಿ

ಲಂಡನ್ನಿನ ಲೆಡನ್‌ಹಾಲ್ ಸ್ಟ್ರೀಟ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ಕಚೇರಿ ಇತ್ತು. ಅದರೊಳಗೆ ಒಂದು ಲೈಬ್ರರಿ. ಪೂರ್ವದೇಶಗಳಿಂದ ಬಂದ ಹಸ್ತಪ್ರತಿಗಳನ್ನು ಮುಂದಿಟ್ಟುಕೊಂಡು ತಲೆ ಬಗ್ಗಿಸಿ ಕೂತ ವಿದ್ವಾಂಸರು. ಅವರ ನಡುವೆ ಒಂದು ಮರದ ಹುಲಿ, ನಮ್ಮ ಟಿಪ್ಪು ಸುಲ್ತಾನನದು. 1808ರಿಂದ ಅದನ್ನು ಜನ ನೋಡಲಿ ಅಂತ ಇಟ್ಟಿದ್ದರು. ಬರೀ ನೋಡಲಿಕ್ಕಲ್ಲ. ಬಂದವರು ಅದರ ಪಕ್ಕದ ಹಿಡಿ ತಿರುಗಿಸಬಹುದಿತ್ತು. ತಿರುಗಿಸಿದರೆ ಹುಲಿ ಗುರುಗುಟ್ಟುತ್ತಿತ್ತು. ಅದರ ಕೆಳಗೆ ಅಂಗಾತ ಬಿದ್ದಿರುವ ಬಿಳಿಯ ಮನುಷ್ಯ ಕೈ ಎತ್ತಿ ಗೋಳಿಡುತ್ತಿದ್ದ.

ಓದಲು ಬಂದವರ ಪಾಡು ಏನಾಗಿರಬೇಡ! ದಿನವಿಡೀ ಇದೇ ಗಲಾಟೆ. ಕೊನೆಗೆ ಯಾವಾಗಲೋ ಹಿಡಿಯೇ ಮಾಯವಾಯಿತು. ಅಷ್ಟು ಹೊತ್ತಿಗೆ ಒಳಗಿನ ಕೆಲವು ಭಾಗಗಳೂ ಕೆಟ್ಟು ಕೂತಿದ್ದವು. 'ಅಥೇನಿಯಂ' ಎಂಬ ಲಂಡನ್ ವಾರಪತ್ರಿಕೆ 1869ರಲ್ಲಿ ಈ ಬಗ್ಗೆ ಬರೆಯಿತು. ಅದರಲ್ಲಿ ಬೇಸರದ ಸುಳಿವೇ ಇಲ್ಲ, ಸದ್ಯ ಪೀಡೆ ತೊಲಗಿತು ಅನ್ನುವ ಧಾಟಿ. ಹಿಡಿ ಹೋಗಿದ್ದು ಒಳ್ಳೆಯದೇ ಆಯಿತು, ಇನ್ನು ಇದನ್ನು ಬೇಕಾದರೆ ನೋಡಿ ಮೆಚ್ಚಿಕೊಳ್ಳೋಣ, ಕೇಳುವ ಕರ್ಮ ಮಾತ್ರ ಬೇಡ, ಅಂತ.

ನೋಡಿದರೆ ಸಾಕು, ಕೇಳುವುದು ಬೇಡ. ಅವತ್ತು ಕಿರಿಕಿರಿಯಿಂದ ಬಂದ ಮಾತು. ಇವತ್ತು ಹಳೆಯ ಯಂತ್ರವಾದ್ಯಗಳನ್ನು ಪ್ರೀತಿಸುವವರಲ್ಲೇ ಒಂದು ಗುಂಪು ಅದನ್ನು ಬಹಳ ಗಂಭೀರವಾಗಿ ಹೇಳುತ್ತದೆ. ಇನ್ನೊಂದು ಗುಂಪಿಗೆ ಅದನ್ನು ಕೇಳಿದರೇ ಮೈಯೆಲ್ಲ ಉರಿಯುತ್ತದೆ. ಯಂತ್ರವಾದ್ಯ ಅಂದರೆ ಕೀಲಿ ಕೊಟ್ಟರೆ ಹಾಡುವ ಪೆಟ್ಟಿಗೆ, ಹಿಡಿ ತಿರುಗಿಸಿದರೆ ನುಡಿಯುವ ಬೀದಿ ಆರ್ಗನ್, ತಂತಾನೇ ಬಾರಿಸಿಕೊಳ್ಳುವ ಪಿಯಾನೊ, ಗಂಟೆಗೊಮ್ಮೆ ಕೊಳಲು ಊದುವ ಗಡಿಯಾರ, ಇಂಥವು. ಇವುಗಳನ್ನು ನುಡಿಸುತ್ತಾ ಉಳಿಸಬೇಕೋ, ಮುಟ್ಟದೆ ಉಳಿಸಬೇಕೋ? ಈ ಜಗಳ ಯುರೋಪಿನಲ್ಲಿ, ಅಮೆರಿಕದಲ್ಲಿ ದಶಕಗಳಿಂದ ನಡೆದಿದೆ. ಅದನ್ನು ನಮ್ಮ ಶ್ರೀರಂಗಪಟ್ಟಣದಿಂದ ಹೋದ ಈ ಹುಲಿಯನ್ನು ಮುಂದಿಟ್ಟುಕೊಂಡು ನೋಡೋಣ. ಟಿಪ್ಪುವಿನ ಹುಲಿಯನ್ನು ರಾಜಕೀಯದ ಮಾತಿಗೆ ಎಳೆದು ತರುವವರು ಬೇಕಾದಷ್ಟು ಜನ ಇದ್ದಾರೆ. ಅದೊಂದು ವಾದ್ಯ ಅನ್ನುವುದು ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

ಹೊಟ್ಟೆಯೊಳಗೆ ಏನಿದೆ

ಹೊರಗಿನಿಂದ ನೋಡಿದರೆ ಅದು ಬಣ್ಣ ಬಳಿದ ಮರದ ಬೊಂಬೆ. ಉದ್ದ 172 ಸೆಂಟಿಮೀಟರ್, ಎತ್ತರ 71 ಸೆಂಟಿಮೀಟರ್. ಮನುಷ್ಯನ ಗಾತ್ರವೂ ಹೆಚ್ಚುಕಡಿಮೆ ನಿಜದ್ದೇ. ಹುಲಿಯ ಬೆನ್ನಿನ ಭಾಗದ ನಾಲ್ಕು ಸ್ಕ್ರೂ ಬಿಚ್ಚಿದರೆ ಮೇಲಿನ ಹೊದಿಕೆ ಎದ್ದು ಬರುತ್ತದೆ, ಒಳಗಿನ ಕೆಲಸವೆಲ್ಲ ಕಾಣುತ್ತದೆ.

ಒಳಗೆ ಮೂರು ಬೇರೆ ಬೇರೆ ಸದ್ದುಗಳಿವೆ. ಮೂರಕ್ಕೂ ಒಂದೇ ಹಿಡಿ.

ಮೊದಲನೆಯದು ಮನುಷ್ಯನ ಗೋಳು. ಅವನ ಎದೆಯೊಳಗೆ ತಿದಿ, ಗಂಟಲಲ್ಲಿ ಒಂದು ಕೊಳವೆ, ಕೊಳವೆಯ ತುದಿ ಬಾಯಿಯ ಹತ್ತಿರ. ತಿದಿ ಒತ್ತಿದಾಗ ಗಾಳಿ ಕೊಳವೆಯಲ್ಲಿ ಹಾದು ಕೂಗು ಹೊರಡುತ್ತದೆ. ಅದೇ ಹೊತ್ತಿಗೆ ಎಡಗೈ ಮೇಲೆ ಕೆಳಗೆ ಆಡುತ್ತದೆ. ಕೈ ಆಡಿದಂತೆ ಕೂಗಿನ ಸ್ವರವೂ ಏರಿ ಇಳಿಯುತ್ತದೆ. ಸುಮ್ನೆ ಕೈ ಅಲ್ಲಾಡಿಸಿದ್ದಲ್ಲ ನೋಡಿ, ಕೈಗೂ ದನಿಗೂ ನಂಟು ಹಾಕಿದ್ದಾನೆ ಮಾಡಿದವನು.

ಎರಡನೆಯದು ಹುಲಿಯ ಗುರುಗುಟ್ಟು. ಇದರ ಉಪಾಯ ನನಗೆ ತುಂಬಾ ಇಷ್ಟ. ಹಲ್ಲುಚಕ್ರಗಳು ಭಾರ ಹೇರಿದ ಒಂದು ತಿದಿಯನ್ನು ನಿಧಾನಕ್ಕೆ ಮೇಲಕ್ಕೆತ್ತುತ್ತಾ ಹೋಗುತ್ತವೆ. ಒಂದು ಹಂತ ಬಂದಾಗ ಹಿಡಿತ ತಪ್ಪುತ್ತದೆ. ತಿದಿ ತನ್ನ ಭಾರಕ್ಕೆ ದೊಪ್ಪನೆ ಬೀಳುತ್ತದೆ. ಬಿದ್ದ ರಭಸಕ್ಕೆ ಗಾಳಿ ಹುಲಿಯ ತಲೆಯೊಳಗಿನ ಕೊಳವೆಗೆ ನುಗ್ಗಿ ಎರಡು ಸ್ವರದ ಗುರ್ ಹೊರಡುತ್ತದೆ. ಮತ್ತೆ ಹತ್ತುವುದು, ಮತ್ತೆ ಬೀಳುವುದು. ಹಾಗಾಗಿ ಹುಲಿ ಒಂದೇ ಸಮನೆ ಕೂಗುವುದಿಲ್ಲ. ಬಿಟ್ಟು ಬಿಟ್ಟು, ಲೆಕ್ಕ ಹಾಕಿದಂತೆ ಗುರುಗುಟ್ಟುತ್ತದೆ.

ಮೂರನೆಯದು ನಿಜವಾದ ಆರ್ಗನ್. ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ ಇದೆ. ಕೆಳಕ್ಕೆ ಇಳಿಸಿದರೆ ದಂತದ 18 ಗುಂಡಿಗಳು ಕಾಣುತ್ತವೆ. ನಮ್ಮ ಹಾರ್ಮೋನಿಯಂನ ಮನೆಗಳಂತೆ ಅನ್ನಿ. ಹಾರ್ಮೋನಿಯಂನಲ್ಲಿ ನುಡಿಯುವುದು ಹಿತ್ತಾಳೆ ರೀಡು, ಇಲ್ಲಿ ನುಡಿಯುವುದು ಹಿತ್ತಾಳೆ ಕೊಳವೆ. ಎರಡು ಸಾಲು ಕೊಳವೆಗಳಿವೆ, ಸಾಲಿಗೆ 18, ಒಟ್ಟು 36. ಯಾವ ಸಾಲು ಬೇಕೋ ಅದನ್ನು ತೆರೆಯಬಹುದು, ಎರಡನ್ನೂ ಒಟ್ಟಿಗೆ ತೆರೆಯಬಹುದು.

ಒಂದು ವಿಷಯ ಇಲ್ಲೇ ಗಮನಿಸಬೇಕು. ಬೀದಿ ಆರ್ಗನ್‌ನಲ್ಲಿ, ಹಾಡುವ ಪೆಟ್ಟಿಗೆಯಲ್ಲಿ ಹಾಡು ಯಂತ್ರದ ಒಳಗೇ ಇರುತ್ತದೆ. ಒಂದು ಉರುಳೆ, ಅದರ ಮೇಲೆ ಸಾವಿರಾರು ಮೊಳೆ, ಒಂದೊಂದು ಮೊಳೆಯೂ ಒಂದೊಂದು ಸ್ವರ. ಆಸ್ಟ್ರಿಯಾ ಹಂಗೇರಿಯ ಎಸ್ಟರ್‌ಹಾಜಿ ಅರಮನೆಯಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ ನೀಮೆಟ್ಸ್ ಎಂಬ ಪಾದ್ರಿ 1790ರ ದಶಕದಲ್ಲಿ ಕೊಳಲು ಗಡಿಯಾರಗಳನ್ನು ಮಾಡಿದ. ಅವುಗಳಲ್ಲಿ ಸಂಗೀತ ರಚನೆಕಾರ ಹೈಡನ್‌ನ ಸಂಗೀತ ಮೊಳೆಗಳಾಗಿ ಕೂತಿದೆ. ಆ ಕಾಲದಲ್ಲಿ ಗಮಕದಂಥ ಅಲಂಕಾರಗಳನ್ನು ಹೇಗೆ ನುಡಿಸುತ್ತಿದ್ದರು ಅನ್ನುವುದಕ್ಕೆ ಅದು ಸಾಕ್ಷಿ. ಮೊಳೆ ಬಾಗಿರದಿದ್ದರೆ ಹಾಡು ಉಳಿದ ಹಾಗೇ.

ಟಿಪ್ಪುವಿನ ಹುಲಿಯಲ್ಲಿ ಅಂಥ ಉರುಳೆ ಇಲ್ಲ. ಯಾವ ಹಾಡೂ ಅದರೊಳಗೆ ಬರೆದಿಟ್ಟಿಲ್ಲ. ಅದರಲ್ಲಿ ಉಳಿಯಬಹುದಾಗಿದ್ದ ಸಂಗೀತದ ಮಾಹಿತಿ ಎರಡೇ: ಆ 36 ಕೊಳವೆಗಳ ಶ್ರುತಿ ಮತ್ತು ಗೋಳು ಗುರುಗುಟ್ಟಿನ ಲಯ. ಮುಂದಿನ ಜಗಳವೆಲ್ಲ ನಿಂತಿರುವುದು ಇದರ ಮೇಲೆ.

ಎಷ್ಟು ಕೈ ಬಿದ್ದಿದೆ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಸತ್ತ. ಅರಮನೆಯಲ್ಲಿ ವಾದ್ಯಗಳನ್ನು ಇಡುತ್ತಿದ್ದ ಕೋಣೆಯಲ್ಲಿ ಈ ಹುಲಿ ಸಿಕ್ಕಿತು. ಇದು ಆಗಿನವರೇ ಬರೆದಿಟ್ಟ ಮಾತು. ಆಯುಧದ ಕೋಣೆಯಲ್ಲಲ್ಲ, ಆಟಿಕೆಗಳ ನಡುವೆ ಅಲ್ಲ, ವಾದ್ಯಗಳ ಕೋಣೆಯಲ್ಲಿ. ಇಂಗ್ಲಿಷರ ಮೇಲೆ ಟಿಪ್ಪುವಿಗೆ ಎಷ್ಟು ದ್ವೇಷ ಇತ್ತು ಅನ್ನುವುದಕ್ಕೆ ಇದೊಂದು ಪುರಾವೆ ಅಂತ ಷರಾ ಬರೆದು ಲಂಡನ್ನಿಗೆ ಸಾಗಿಸಿದರು. ಟವರ್ ಆಫ್ ಲಂಡನ್‌ನಲ್ಲಿ ಇಡುವ ಯೋಚನೆ ಇತ್ತು. ಕೊನೆಗೆ ಬಂದಿದ್ದು ಕಂಪನಿಯ ಕಚೇರಿಗೆ.

ಅಲ್ಲಿಂದ ಮುಂದಿನದು ಸವೆತದ ಕತೆ. 1843ರ ಹೊತ್ತಿಗೇ ಯಂತ್ರ ಕೆಡುತ್ತಾ ಬಂದಿದೆ, ನೋಡಲು ಬಂದವರ ಆಸೆ ತೀರುವಂತಿಲ್ಲ ಅನ್ನುವ ವರದಿ ಇದೆ. ಕಂಪನಿ ಆಡಳಿತ ಮುಗಿದು ರಾಣಿಯ ಆಡಳಿತ ಬಂದಾಗ ಹುಲಿಗೂ ಮನೆ ಬದಲಾಯಿತು. ಒಂದೆರಡು ಕಟ್ಟಡ ಸುತ್ತಿ 1880ರ ಹೊತ್ತಿಗೆ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು.

ಆಮೇಲೆ ಎರಡನೇ ಮಹಾಯುದ್ಧ. ಜರ್ಮನ್ ಬಾಂಬಿಗೆ ಮೇಲಿನ ಛಾವಣಿ ಕುಸಿದು ಹುಲಿಯ ಮೇಲೆ ಬಿತ್ತು. ಮರದ ಮೈ ನೂರಾರು ಚೂರಾಯಿತು. ಯುದ್ಧ ಮುಗಿದ ಮೇಲೆ ಚೂರು ಚೂರು ಆರಿಸಿ ಜೋಡಿಸಿದರು. 1947ರಲ್ಲಿ ಮತ್ತೆ ಪ್ರದರ್ಶನಕ್ಕೆ ಬಂತು. ನಮಗೆ ಸ್ವಾತಂತ್ರ್ಯ ಬಂದ ವರ್ಷ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ, ಅಷ್ಟೆ. 1955ರಲ್ಲಿ ಅದು ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ಗೂ ಹೋಗಿ ಬಂತು.

ಇಷ್ಟು ವರ್ಷಗಳಲ್ಲಿ ಕೊಳವೆಗಳಲ್ಲಿ ಹಲವು ಬದಲಾದವು. ಒಳಗಿನ ಕೆಲಸ ಮತ್ತೆ ಮತ್ತೆ ರಿಪೇರಿಯಾಯಿತು. ಬಣ್ಣದ ಕತೆಯೂ ಅದೇ. ಮ್ಯೂಸಿಯಂನ ಸಂರಕ್ಷಣಾ ವಿಭಾಗದವರು ಪರೀಕ್ಷೆ ಮಾಡಿದಾಗ ಈಗ ಕಾಣುವ ಬಣ್ಣದಲ್ಲಿ ಬಹುಪಾಲು ಆಮೇಲೆ ಬಳಿದದ್ದು, ತಿದ್ದಿದ್ದು ಅಂತ ಗೊತ್ತಾಯಿತು.

ವಿಲ್ಲಿಸ್ ಒಂದು ಕಡೆ, ಓರ್ಡ್-ಹ್ಯೂಮ್ ಒಂದು ಕಡೆ

ಹುಲಿಯ ಹೊಟ್ಟೆ ಬಗೆದು ನೋಡಿದ ಇಬ್ಬರು ದೊಡ್ಡ ಹೆಸರಿನವರಿದ್ದಾರೆ.

ಒಬ್ಬರು ಹೆನ್ರಿ ವಿಲ್ಲಿಸ್, ಆ ಹೆಸರಿನ ಮೂರನೆಯವರು. ವಂಶಪಾರಂಪರ್ಯವಾಗಿ ಆರ್ಗನ್ ಕಟ್ಟುವ ಮನೆತನ. ಮ್ಯೂಸಿಯಂನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ರಾಯಲ್ ಆಲ್ಬರ್ಟ್ ಹಾಲ್‌ನ ಭಾರೀ ಆರ್ಗನ್ ಕಟ್ಟಿದ್ದು ಇವರ ತಾತ, 1871ರಲ್ಲಿ. ಮೊಮ್ಮಗ ಈ ಪುಟ್ಟ ಆರ್ಗನ್ ಪರೀಕ್ಷಿಸಿ ಒಂದು ವಿಚಿತ್ರ ಅಭಿಪ್ರಾಯ ಹೇಳಿದರು. ಇದು ಬೆರಳಿನಿಂದ ಹಾಡು ನುಡಿಸಲು ಮಾಡಿದ್ದಲ್ಲ, ಕೈಯ ಗಿಣ್ಣುಗಳನ್ನು ಗುಂಡಿಗಳ ಮೇಲೆ ಆಚೆಯಿಂದ ಈಚೆಗೆ ಎಳೆದರೆ ಹುಲಿ ಬಾಯಿಗೆ ಸಿಕ್ಕವನ ಚೀತ್ಕಾರದ ಹಾಗೆ ಕೇಳಿಸಬೇಕು, ಅದಕ್ಕೇ ಮಾಡಿದ್ದಿರಬೇಕು, ಅಂತ.

ಇನ್ನೊಬ್ಬರು ಆರ್ಥರ್ ಓರ್ಡ್-ಹ್ಯೂಮ್. ಯಂತ್ರವಾದ್ಯಗಳ ಬಗ್ಗೆ ಬರೆದೇ ಹೆಸರಾದವರು. 1962ರಲ್ಲಿ ಶುರುವಾದ ಬ್ರಿಟನ್ನಿನ ಮ್ಯೂಸಿಕಲ್ ಬಾಕ್ಸ್ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. ಅಂದರೆ ಹವ್ಯಾಸಿಗಳ ಲೋಕದಿಂದಲೇ ಬಂದವರು. 1987ರಲ್ಲಿ ಪ್ರಕಟವಾದ ಅವರ ವಿವರವಾದ ಅಧ್ಯಯನದ ತೀರ್ಪು ಬಹಳ ಖಾರವಾಗಿದೆ. ಬ್ರಿಟನ್ನಿಗೆ ಬಂದ ಮೇಲೆ ಈ ವಾದ್ಯವನ್ನು ಕನಿಕರವಿಲ್ಲದೆ ತಿದ್ದಿದ್ದಾರೆ, ಅದು ಮೊದಲು ಕೆಲಸ ಮಾಡುತ್ತಿದ್ದ ರೀತಿಯನ್ನೇ ಬಹುಪಾಲು ಹಾಳು ಮಾಡಿದ್ದಾರೆ ಅನ್ನುತ್ತಾರೆ ಅವರು.

ಅವರ ಒಂದು ಸಣ್ಣ ಟಿಪ್ಪಣಿ ನನಗೆ ಈ ಇಡೀ ತೀರ್ಪಿಗಿಂತ ಮುಖ್ಯ ಅನಿಸುತ್ತದೆ. ಎರಡು ಸಾಲು ಕೊಳವೆಗಳೂ ಒಂದೇ ಶ್ರುತಿಯವು. ಒಂದು ಸಾಲಿನ ಮೂರನೇ ಕೊಳವೆಯೂ ಇನ್ನೊಂದು ಸಾಲಿನ ಮೂರನೆಯದೂ ಒಂದೇ ಸ್ವರ. ಆರ್ಗನ್‌ಗಳಲ್ಲಿ ಇದು ಅಪರೂಪ. ಸಾಮಾನ್ಯವಾಗಿ ಎರಡನೇ ಸಾಲನ್ನು ಬೇರೆ ಸ್ಥಾಯಿಗೆ ಇಡುತ್ತಾರೆ. ಇಲ್ಲಿ ಎರಡನ್ನೂ ಒಟ್ಟಿಗೆ ತೆರೆದರೆ ಸದ್ದು ಜೋರಾಗುತ್ತದೆ, ಜೊತೆಗೆ ಒಂದು ಸಣ್ಣ ಅಲೆ ಕೇಳಿಸುತ್ತದೆ. ಡಬಲ್ ರೀಡ್ ಹಾರ್ಮೋನಿಯಂನಲ್ಲಿ ಒಂದು ರೀಡು ಕೂದಲೆಳೆಯಷ್ಟು ಇಳಿದಿದ್ದರೆ ವಾಂವ್ ವಾಂವ್ ಅಂತ ದನಿ ತೂಗಾಡುತ್ತದಲ್ವಾ, ಅದೇ. ಕೇಳಲು ಸೊಗಸು. ಆಸ್ಥಾನದ ಕುಶಲಕರ್ಮಿ ಬೇಕೆಂದೇ ಇಟ್ಟ ಚಮತ್ಕಾರ ಅನ್ನಿಸಿಬಿಡುತ್ತದೆ. ಓರ್ಡ್-ಹ್ಯೂಮ್ ಅಲ್ಲಿ ತಡೆಯುತ್ತಾರೆ. ಇಷ್ಟೊಂದು ಕೈ ಬಿದ್ದಿರುವ ವಾದ್ಯದಲ್ಲಿ ಆ ಅಲೆ ಶ್ರುತಿ ಮಾಡಿದವರ ಕೈಯಿಂದ ಆಕಸ್ಮಿಕವಾಗಿ ಬಂದಿರುವ ಸಾಧ್ಯತೆಯೇ ಜಾಸ್ತಿ, ಅಂತ.

ಅಂದರೆ ನಾವು 'ಟಿಪ್ಪು ಕೇಳಿದ ದನಿ' ಅಂತ ತಲೆದೂಗುವುದು ಲಂಡನ್ನಿನ ಯಾರೋ ರಿಪೇರಿಯವನ ಸಣ್ಣ ಎಡವಟ್ಟಿಗೆ ಇರಬಹುದು.

ವಿಲ್ಲಿಸ್ ಹೇಳಿದ ಗಿಣ್ಣಿನ ಮಾತಿಗೂ ಇದೇ ಕುತ್ತು. ನನಗಂತೂ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ. ಬರೀ ಕಿರುಚಾಟ ಬೇಕಿದ್ದರೆ ಮನುಷ್ಯನ ಗಂಟಲಲ್ಲಿ ಆಗಲೇ ಒಂದು ಕೊಳವೆ ಇದೆ. ಅದರ ಮೇಲೆ 18 ದಂತದ ಗುಂಡಿ, ಎರಡು ಸಾಲು, ತೆರೆಯಲು ಮುಚ್ಚಲು ಬೇರೆ ವ್ಯವಸ್ಥೆ, ಇಷ್ಟೆಲ್ಲ ಯಾಕೆ ಬೇಕಿತ್ತು? ಆದರೆ ಇದನ್ನು ಖಚಿತವಾಗಿ ಹೇಳಬೇಕಾದರೆ ಮೂಲ ಶ್ರುತಿ ಗೊತ್ತಿರಬೇಕು. ಆ 18 ಸ್ವರಗಳು ಯಾವ ಮೇಳಕ್ಕೆ, ಅಂದರೆ ಯಾವ ಸ್ವರಜೋಡಣೆಗೆ, ಹೊಂದುತ್ತಿದ್ದವು ಅಂತ ಗೊತ್ತಾಗಿದ್ದರೆ ಗಿಣ್ಣೋ ಬೆರಳೋ ಅನ್ನುವುದು ಒಂದೇ ದಿನದಲ್ಲಿ ಇತ್ಯರ್ಥವಾಗುತ್ತಿತ್ತು. ಆ ದಾರಿ ಮುಚ್ಚಿಹೋಗಿದೆ. ಮುಚ್ಚಿದ್ದು ಬಾಂಬ್ ಒಂದೇ ಅಲ್ಲ, ಒಳ್ಳೆಯ ಮನಸ್ಸಿನಿಂದ ಸರಿ ಮಾಡಿದವರೂ ಮುಚ್ಚಿದರು.

ಅಂದಹಾಗೆ ಒಂದು ವಿಷಯ ಮಾತ್ರ ಹಳೆಯ ಕೊಳವೆಗಳೇ ಹೇಳಿದವು. ಟಿಪ್ಪುವಿನ ಹತ್ತಿರ ಫ್ರೆಂಚ್ ಕುಶಲಕರ್ಮಿಗಳಿದ್ದರು, ಅದಕ್ಕೇ ಇದು ಫ್ರೆಂಚರ ಕೆಲಸ ಇರಬೇಕು ಅಂತ ಬಹಳ ಜನ ಬರೆದಿದ್ದರು. ಉಳಿದಿದ್ದ ಮೂಲ ಕೊಳವೆಗಳ ಹಿತ್ತಾಳೆಯನ್ನು ಪರೀಕ್ಷೆ ಮಾಡಿದಾಗ, ಮೈಕಟ್ಟಿನ ಶೈಲಿಯನ್ನೂ ಸೇರಿಸಿ ನೋಡಿದಾಗ, ಇಲ್ಲೇ ತಯಾರಾದದ್ದು ಅನ್ನುವ ಕಡೆಗೇ ತಕ್ಕಡಿ ವಾಲಿತು. ಫ್ರೆಂಚರ ಸಲಹೆ ಇದ್ದಿರಬಹುದು, ಇಲ್ಲದಿರಬಹುದು. ಆ ಹಳೆಯ ಕೊಳವೆಗಳನ್ನೂ ಯಾರಾದರೂ 'ಹೊಸದು ಹಾಕಿಬಿಡೋಣ' ಅಂತ ತೆಗೆದು ಎಸೆದಿದ್ದರೆ ಈ ಒಂದು ಮಾತೂ ನಮಗೆ ಸಿಗುತ್ತಿರಲಿಲ್ಲ.

ನುಡಿಸುವವರ ವಾದ

ಇಷ್ಟು ಕೇಳಿದ ಮೇಲೆ 'ಮುಟ್ಟಬೇಡಿ' ಬಣದವರೇ ಗೆದ್ದ ಹಾಗೆ ಕಾಣುತ್ತದೆ. ಅಷ್ಟು ಸುಲಭ ಇಲ್ಲ.

ನುಡಿಸಬೇಕು ಅನ್ನುವವರ ಮೊದಲ ಮಾತು ತಿದಿಯದ್ದು. ತಿದಿಯ ಮಡಿಕೆಗಳಿಗೆ ಚರ್ಮ ಅಂಟಿಸಿರುತ್ತಾರೆ. ಆಡುತ್ತಿದ್ದರೆ ಚರ್ಮ ಮೆತ್ತಗಿರುತ್ತದೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ನಿಂತರೆ ಅಲ್ಲೇ ಸೆಟೆದುಕೊಂಡು ಸೀಳುತ್ತದೆ. ಹಾರ್ಮೋನಿಯಂ ಇಟ್ಟುಕೊಂಡಿರುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಅಟ್ಟದ ಮೇಲೆ ಹತ್ತು ವರ್ಷ ಇಟ್ಟ ಪೆಟ್ಟಿಗೆ ಕೆಳಗಿಳಿಸಿದರೆ ಮೊದಲು ಹೋಗಿರುವುದು ತಿದಿಯೇ. ಇದಕ್ಕೆ ಎದುರು ಬಣದವರ ಬಳಿ ಉತ್ತರ ಇದೆ. ಕಲ್ಲಿದ್ದಲ ಹೊಗೆಯ ಊರುಗಳ ಗಾಳಿಯಲ್ಲಿದ್ದ ಗಂಧಕದ ಅಂಶ ಹಳೆಯ ಚರ್ಮವನ್ನು ಕೆಂಪು ಪುಡಿಯಾಗಿಸುತ್ತದೆ, ಅಂಥ ಚರ್ಮಕ್ಕೆ ಆಟ ಕೊಟ್ಟರೆ ಇನ್ನೂ ಬೇಗ ಉದುರುತ್ತದೆ ಅನ್ನುತ್ತಾರೆ. ಎರಡೂ ನಿಜ. ಯಾವ ಚರ್ಮ, ಯಾವ ಸ್ಥಿತಿ ಅನ್ನುವುದರ ಮೇಲೆ ಹೋಗುತ್ತದೆ.

ಇಂಗ್ಲೆಂಡಿನ ಬೋವ್ಸ್ ಮ್ಯೂಸಿಯಂನ ಬೆಳ್ಳಿ ಹಂಸದ ಉದಾಹರಣೆಯನ್ನು ಎರಡೂ ಕಡೆಯವರು ತಮ್ಮ ಪರವಾಗಿ ಎಳೆದುಕೊಳ್ಳಬಹುದು. 1773ರ ಹೊತ್ತಿನದು. ಕೀಲಿ ಕೊಟ್ಟರೆ ಸಂಗೀತ ಶುರುವಾಗುತ್ತದೆ, ಹಂಸ ಕತ್ತು ತಿರುಗಿಸಿ, ಬಗ್ಗಿ, ಒಂದು ಬೆಳ್ಳಿ ಮೀನು ಹಿಡಿಯುತ್ತದೆ. ಎಲ್ಲ ಸೇರಿ ಒಂದು ನಿಮಿಷವೂ ಇಲ್ಲ. ಬಹಳ ವರ್ಷ ದಿನಕ್ಕೊಮ್ಮೆ ಆಡಿಸುತ್ತಿದ್ದರು. 2020ರ ಲಾಕ್‌ಡೌನ್‌ನಲ್ಲಿ ನಿಂತಿತು. ಮತ್ತೆ ಆಡಿಸಲು ಹೋದರೆ ಸರಿಯಾಗಿ ಆಡಲಿಲ್ಲ. ಬಿಚ್ಚಿ, ತೊಳೆದು, ಸರಿ ಮಾಡಿ 2024ರಲ್ಲಿ ಮತ್ತೆ ಆಡಿಸಿದರು. 'ನೋಡಿ, ನಿಲ್ಲಿಸಿದ್ದಕ್ಕೇ ಕೆಟ್ಟಿತು' ಅನ್ನುತ್ತದೆ ಒಂದು ಬಣ. 'ದಿನಾ ಆಡಿಸಿ ಸವೆಸಿದ್ದಕ್ಕೇ ಕೆಟ್ಟಿತು' ಅನ್ನುವುದು ಇನ್ನೊಂದು. ಇದರಲ್ಲಿ ನನಗೆ ಹಿಡಿಸಿದ್ದು ನಡುದಾರಿ: ದಿನಾ ಬೇಡ, ಆಗಾಗ ಸಾಕು. ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್‌ನಲ್ಲಿ ಜಾಕೆ-ದ್ರೋ ಕುಟುಂಬದವರು 1770ರ ದಶಕದಲ್ಲಿ ಮಾಡಿ ಮುಗಿಸಿದ ಮೂರು ಬೊಂಬೆಗಳಿವೆ. ಅದರಲ್ಲೊಬ್ಬಳು ನಿಜಕ್ಕೂ ಬೆರಳಾಡಿಸಿ ಆರ್ಗನ್ ನುಡಿಸುತ್ತಾಳೆ. ತಿಂಗಳ ಮೊದಲ ಭಾನುವಾರ ಮಾತ್ರ ಆಟ.

ಎರಡನೇ ವಾದ ಇನ್ನೂ ಗಟ್ಟಿ. ಸದ್ದು ಮಾಡದ ವಾದ್ಯ ವಾದ್ಯವೇ ಅಲ್ಲ, ಪೀಠೋಪಕರಣ. ನೆದರ್ಲೆಂಡ್ಸಿನ ಯೂಟ್ರೆಕ್ಟ್‌ನ ಸ್ಪೇಲ್‌ಕ್ಲೋಕ್ ಮ್ಯೂಸಿಯಂ ನಿಂತಿರುವುದೇ ಈ ನಂಬಿಕೆಯ ಮೇಲೆ. ಅಲ್ಲಿ ಗೈಡ್‌ಗಳು ಬೀದಿ ಆರ್ಗನ್‌ಗಳನ್ನು ನುಡಿಸಿಯೇ ತೋರಿಸುತ್ತಾರೆ. ನಮ್ಮ ಪಕ್ಕದ ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಗಂಟೆಗೊಮ್ಮೆ ಜನ ಗಡಿಯಾರದ ಮುಂದೆ ಸೇರುವುದನ್ನು ನೋಡಿದ್ದೀರಾ? ಗಡ್ಡದ ಪುಟ್ಟ ಮನುಷ್ಯ ಹೊರಗೆ ಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತಾನೆ. ಅಷ್ಟಕ್ಕೇ ಜನ ಕಾದು ಕೂರುತ್ತಾರೆ. ಅದು ನಿಂತ ಗಡಿಯಾರವಾಗಿದ್ದರೆ ಯಾರು ಕೂರುತ್ತಿದ್ದರು?

ನಾನು ಬಹಳ ಕಾಲ ಈ ಬಣದವನೇ. ಕಾರಣ ವೀಣೆ. ನಮ್ಮ ಮೈಸೂರು ಕಡೆಯ ಮನೆಗಳಲ್ಲಿ ಅಜ್ಜಿಯ ವೀಣೆಯನ್ನು ಮೊಮ್ಮಗಳು ನುಡಿಸುವುದು ಹೊಸದಲ್ಲ. 24 ಮೆಟ್ಟಿಲುಗಳನ್ನು ಕಪ್ಪು ಮೇಣದಲ್ಲಿ ಕೂರಿಸಿರುತ್ತಾರೆ. ಬಿಸಿಲಿಗೆ, ಬಳಕೆಗೆ ಮೇಣ ಸಡಿಲವಾಗಿ ಸ್ವರಸ್ಥಾನ ಜರುಗುತ್ತದೆ. ಆಗ ಮೇಳ ಕಟ್ಟಿಸುತ್ತಾರೆ. ಹಳೆಯ ಮೇಣ ಕೆರೆದು, ಹೊಸದು ಹಾಕಿ, ಒಂದೊಂದೇ ಮೆಟ್ಟಿಲನ್ನು ಕಿವಿಯಲ್ಲಿ ಅಳೆದು ಕೂರಿಸುತ್ತಾರೆ. ತಂತಿಯಂತೂ ವರ್ಷದಲ್ಲಿ ಎಷ್ಟು ಸಲ ಬದಲಾಗುತ್ತದೋ. ಅಷ್ಟಾದರೂ ಅದು ಅಜ್ಜಿಯ ವೀಣೆಯೇ. 'ಮೇಣ ಒರಿಜಿನಲ್ ಅಲ್ಲ' ಅಂತ ಯಾರೂ ತಕರಾರು ಮಾಡುವುದಿಲ್ಲ. ಹೀಗಿರುವಾಗ ಹುಲಿಗೆ ಮಾತ್ರ ಯಾಕೆ ಬೇರೆ ನ್ಯಾಯ?

ನನ್ನ ಮನಸ್ಸು ತಿರುಗಿದ್ದು ಒಂದು ಹಾರ್ಮೋನಿಯಂ ರಿಪೇರಿಯ ಮುಂದೆ ಕೂತಾಗ. ನಾಟಕದ ಮೇಷ್ಟ್ರೊಬ್ಬರ ಹಳೆಯ ಪೆಟ್ಟಿಗೆ. ರಿಪೇರಿಯವರು ರೀಡಿನ ಹಲಗೆ ಹೊರಗೆ ತೆಗೆದು, ತಗಡಿನ ಚೂರೊಂದನ್ನು ರೀಡಿನ ನಾಲಿಗೆಯ ಕೆಳಗೆ ತೂರಿಸಿ, ಚೂಪಾದ ಅರದಿಂದ ಕೆರೆಯುತ್ತಿದ್ದರು. ನಾಲಿಗೆಯ ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ. ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎರಡು ಗೀಟು, ಊದಿ ನೋಡುವುದು, ಮತ್ತೆ ಒಂದು ಗೀಟು. 'ಜಾಸ್ತಿ ಕೆರೆದುಬಿಟ್ಟರೆ?' ಅಂದೆ. 'ಇನ್ನೊಂದು ತುದಿಯಲ್ಲಿ ಕೆರೀಬೇಕು ಸ್ವಾಮಿ. ಹೋದ ಹಿತ್ತಾಳೆ ವಾಪಸ್ ಬರುತ್ತಾ?' ಅಂದರು. ಅವರ ಮೊಣಕಾಲ ಮೇಲಿನ ಬಟ್ಟೆಯಲ್ಲಿ ಹಿತ್ತಾಳೆಯ ಪುಡಿ ಹೊಳೆಯುತ್ತಿತ್ತು.

ಮೇಣಕ್ಕೂ ರೀಡಿಗೂ ಇರುವ ವ್ಯತ್ಯಾಸ ಆಗ ತಲೆಗೆ ಹೋಯಿತು. ವೀಣೆಯಲ್ಲಿ ಮೇಳ ಅನ್ನುವುದು ಮೇಣದಲ್ಲಿಲ್ಲ, ಕಟ್ಟುವವನ ಕಿವಿಯಲ್ಲಿದೆ. ಆ ಕಿವಿ ಗುರುವಿನಿಂದ ಶಿಷ್ಯನಿಗೆ ಬಂದಿದೆ, ಇನ್ನೂ ಬದುಕಿದೆ. ಮೇಣ ಹೋದರೆ ಏನೂ ಹೋಗುವುದಿಲ್ಲ. ಹುಲಿಯ ಶ್ರುತಿ ಹಾಗಲ್ಲ. ಅದನ್ನು ಮಾಡಿದವರ ಪರಂಪರೆ ಶ್ರೀರಂಗಪಟ್ಟಣದ ಜೊತೆಗೇ ಮುಗಿಯಿತು. ಅವರ ಕಿವಿ ಉಳಿದಿದ್ದು ಆ ಹಿತ್ತಾಳೆಯಲ್ಲಿ ಮಾತ್ರ. ಆರ್ಗನ್ ಕೊಳವೆಯ ಮೇಲಿನ ತೆರೆದ ಬಾಯಿ ಅಗಲಿಸಿದರೆ ಸ್ವರ ಏರುತ್ತದೆ, ಒತ್ತಿ ಕಿರಿದು ಮಾಡಿದರೆ ಇಳಿಯುತ್ತದೆ. ಪ್ರತಿ ಸಲ ಶ್ರುತಿ ಮಾಡುವಾಗಲೂ ಲೋಹ ಸ್ವಲ್ಪ ನಲುಗುತ್ತದೆ. ಹಳೆಯ ಅಳತೆ ಅಳಿಸಿ ಹೊಸದು ಬರೆದ ಹಾಗೆ.

ಹಾಗಾದರೆ ಏನು ಮಾಡಬೇಕಿತ್ತು

ಈಗ ಹುಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಬಂದವರು ಹಿಡಿ ತಿರುಗಿಸುವಂತಿಲ್ಲ. ಮ್ಯೂಸಿಯಂನವರು ಅದನ್ನು ಒಮ್ಮೆ ಆಡಿಸಿ ಮಾಡಿದ ವಿಡಿಯೊ ಇದೆ. ನಾನು ಕೇಳಿದ್ದು ಅದರಲ್ಲೇ. ಗೋಳು ಒಂಚೂರು ಹಾಸ್ಯವಾಗಿ ಕೇಳುತ್ತದೆ, ಸುಳ್ಳು ಹೇಳಲಾರೆ. ಗುರುಗುಟ್ಟು ಮಾತ್ರ ಎದೆಗೆ ತಟ್ಟುತ್ತದೆ. ಬಹುಶಃ ತಿದಿ ಬೀಳುವ ಆ ಉಪಾಯಕ್ಕೆ.

ನನ್ನ ಲೆಕ್ಕದಲ್ಲಿ ಮ್ಯೂಸಿಯಂ ಈಗ ಮಾಡುತ್ತಿರುವುದು ಸರಿ. ಆದರೆ 'ಇದು ಮೂಲ, ಅದಕ್ಕೇ ಮುಟ್ಟಬಾರದು' ಅನ್ನುವವರ ಕಾರಣ ನನ್ನದಲ್ಲ. ಅದು ಮೂಲವಾಗಿ ಉಳಿದೇ ಇಲ್ಲ. ಬಣ್ಣ, ಕೊಳವೆ, ಒಳಗಿನ ಕೆಲಸ ಎಲ್ಲದರ ಮೇಲೂ ಇನ್ನೂರು ವರ್ಷದ ಕೈಗಳಿವೆ. ಯಾವುದು ಯಾರ ಕೈ ಅಂತ ಇನ್ನೂ ಪೂರ್ತಿ ಬಿಡಿಸಿಲ್ಲ. ಬಿಡಿಸುವ ತನಕ ಇನ್ನೊಂದು ಕೈ ಸೇರಿಸುವುದು ಬೇಡ, ಅಷ್ಟೇ. ಹಳೆಯದನ್ನು 1799ರ ಸ್ಥಿತಿಗೆ ವಾಪಸ್ ತರೋಣ ಅನ್ನುವ ಇನ್ನೊಂದು ಗುಂಪಿದೆ. ಅವರ ಮಾತು ನನಗೆ ಎಲ್ಲಕ್ಕಿಂತ ಅಪಾಯ ಅನಿಸುತ್ತದೆ. 1799ರಲ್ಲಿ ಹೇಗಿತ್ತು ಅಂತ ಗೊತ್ತಿಲ್ಲದೆ ವಾಪಸ್ ಎಲ್ಲಿಗೆ ತರುವುದು?

ನುಡಿಯುವ ಆಸೆಗೆ ಬೇರೆ ದಾರಿ ಇದೆ. ಒಂದು ನಕಲು ಮಾಡಬೇಕು. ಬರೀ ಬೊಂಬೆಯಲ್ಲ, ಒಳಗಿನ ಕೆಲಸವೂ ಇರುವ ನಕಲು. ಅದರ ತಿದಿ ಹರಿದರೆ ಹೊಸ ಚರ್ಮ ಹಾಕಬಹುದು. ಕೊಳವೆಗಳನ್ನು ಒಂದು ಸಲ ಒಂದು ಮೇಳಕ್ಕೆ, ಇನ್ನೊಂದು ಸಲ ಇನ್ನೊಂದಕ್ಕೆ ಶ್ರುತಿ ಮಾಡಿ ನೋಡಬಹುದು. ವಿಲ್ಲಿಸ್ ಹೇಳಿದಂತೆ ಗಿಣ್ಣೆಳೆದು ಕಿರುಚಿಸಲೂಬಹುದು. ಮಕ್ಕಳು ಹಿಡಿ ತಿರುಗಿಸಲಿ, ಮುರಿಯಲಿ, ಮತ್ತೆ ಮಾಡೋಣ. ಚನ್ನಪಟ್ಟಣದಲ್ಲಿ ಮರಕ್ಕೆ ಬಣ್ಣ ಕೂರಿಸುವ ಕೈಗಳಿವೆ, ಹಾರ್ಮೋನಿಯಂ ಕಟ್ಟುವ ಕೈಗಳಿಗೂ ನಮ್ಮಲ್ಲಿ ಬರ ಇಲ್ಲ. ಲಂಡನ್ನಿನ ಹುಲಿ ವಾಪಸ್ ಬರಬೇಕು ಅನ್ನುವ ವಾದ ಅದರ ಪಾಡಿಗೆ ನಡೆಯಲಿ. ಅದು ಬೇರೆಯೇ ಪ್ರಕರಣ. ಗುರುಗುಟ್ಟುವ ನಕಲಿಗೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ.

ಮೂಲಕ್ಕೆ ಮಾಡಬೇಕಾದ್ದು ಇನ್ನೊಂದು. 36 ಕೊಳವೆಗಳಲ್ಲಿ ಯಾವುದು ಹಳೆಯದು, ಯಾವುದು ಆಮೇಲಿನದು ಅಂತ ಒಂದೊಂದಾಗಿ ಪಟ್ಟಿಯಾಗಿ ಎಲ್ಲರಿಗೂ ಸಿಗುವಂತಾಗಬೇಕು. ಹಳೆಯದರಲ್ಲಿ ಬಾಯಿ ನಲುಗದೆ ಉಳಿದ ಒಂದೆರಡು ಇದ್ದರೂ ಸಾಕು, ಅದರ ಉದ್ದ ಅಗಲದಿಂದ ಸ್ವರ ಲೆಕ್ಕ ಹಾಕಬಹುದು. ಗಾಳಿ ಊದುವ ಅಗತ್ಯವೂ ಇಲ್ಲ.

ಹೋದ ಸಲ ಶ್ರೀರಂಗಪಟ್ಟಣಕ್ಕೆ ಹೋದಾಗ ದರಿಯಾ ದೌಲತ್ತಿನ ಪಡುವಣ ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. 1780ರ ಪೊಳ್ಳಿಲೂರು ಯುದ್ಧದ ಚಿತ್ರ. ಪಲ್ಲಕ್ಕಿಯೊಳಗೆ ಕೂತ ಇಂಗ್ಲಿಷ್ ದಂಡನಾಯಕ, ಸುತ್ತ ಹೈದರ್ ಟಿಪ್ಪುವಿನ ಕುದುರೆಗಳು. ಈ ಚಿತ್ರವೂ ಒಮ್ಮೆ ಅಳಿಸಿಹೋಗಿತ್ತು. ಪಟ್ಟಣ ಬಿದ್ದ ಮೇಲೆ ಇಲ್ಲೇ ವಾಸವಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಸರಿ ಮಾಡಿಸಿದ. ಆಮೇಲೆ ಯಾರೋ ಸುಣ್ಣ ಬಳಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ ಮತ್ತೆ ಬರೆಸಿದ. ಬರೆದವನು ಮೊದಲಿನ ಚಿತ್ರ ನೆನಪಿದ್ದ ಒಬ್ಬ ಸ್ಥಳೀಯ ಕಲಾವಿದ. ಹುಲಿ ಸಿಕ್ಕಿದ ಅರಮನೆ ಅಲ್ಲಿಂದ ಸ್ವಲ್ಪ ದೂರ, ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ. ಅಲ್ಲಿ ಈಗ ತಳಪಾಯದ ಕಲ್ಲು ಮಾತ್ರ ಇದೆ. ನಾನು ಹೋದಾಗ ಅದರ ಮೇಲೆ ಒಬ್ಬ ಕಡಲೆಕಾಯಿ ಮಾರುವವನು ಕೂತಿದ್ದ. ವಾದ್ಯದ ಕೋಣೆ ಎಲ್ಲಿತ್ತು ಅಂತ ಕೇಳಿದೆ. ಅವನು ಕೈ ತೋರಿಸಿದ್ದು ಟಿಕೆಟ್ ಕೌಂಟರ್ ಕಡೆಗೆ.